ವಾಲ್‌ನಟ್ ಮರದವರೆಗೆ

ಸಿಮೆಂಟು ತೇಲುತ್ತದೆಯೇ ಎಂದು ಕೇಳಿದವರಿಗೆಲ್ಲ
ಕ್ಲೈವ್ ಒಂದು ಟೀ ಬಟ್ಟಲನ್ನು ತೊಟ್ಟಿಯಲ್ಲಿ ತೇಲಿಬಿಟ್ಟು ತೋರಿಸುತ್ತಿದ್ದ:
ಇದೂ ಸುಟ್ಟ ಮಣ್ಣೇ, ನೋಡಿ.
ಬಟ್ಟಲು ನನ್ನದು, ಮದುವೆಗೆ ಬಂದದ್ದು.
ಆರರಲ್ಲಿ ನಾಲ್ಕು ಹಾಗೇ ಒಡೆದವು.

ಎಪ್ಪತ್ತೆರಡರ ಚಳಿಗಾಲವಿಡೀ ತಂತಿ ಕಟ್ಟಿದೆವು.
ಕಬ್ಬಿಣದ ಸರಳು, ಅದರ ಮೇಲೆ ಕೋಳಿಗೂಡಿನ ಜಾಲರಿ, ಎಂಟು ಪದರ.
ಒಳಗಿನಿಂದ ಅವನು ಚುಚ್ಚುವುದು, ಹೊರಗಿನಿಂದ ನಾನು ತಿರುಚುವುದು.
ಮೂವತ್ತಾರು ಅಡಿ ಹಾಯಿದೋಣಿಯ ಪಕ್ಕೆ ನಮ್ಮಿಬ್ಬರ ನಡುವೆ,
ಮುಖ ಕಾಣದು, ಉಸಿರಿನ ಹಬೆ ಮಾತ್ರ ಈಚೆ ಬರುತ್ತಿತ್ತು.
ಬಂತಾ? ಬಂತು.
ಬಂತಾ? ಬಂತು.
ಅಷ್ಟು ಸಲೀಸಾಗಿ ನಾವು ಮತ್ತೆಂದೂ ಮಾತಾಡಿದ್ದಿಲ್ಲ.

ಫೆಬ್ರವರಿಯಲ್ಲಿ ಗಾರೆ. ಒಂದೇ ದಿನಕ್ಕೆ ಮುಗಿಯಬೇಕು,
ನಡುವೆ ನಿಂತರೆ ಒಣಗಿದ್ದಕ್ಕೂ ಹಸಿಗೂ ಕೂಡಿಬರುವುದಿಲ್ಲ.
ಹಾಪ್ಸ್ ತೋಟದ ಮಿಲಿಕಿಚ್ ಅಣ್ಣತಮ್ಮಂದಿರು, ಅಂಚೆಯ ತಾಮತಿ,
ತಂಬಾಕಿನ ಗೂಡಿನಿಂದ ಹಳದಿ ಬೆರಳಿನ ಹುಡುಗಿಯರು,
ರಿವಾಕಾದ ಅರ್ಧ ಊರೇ ಕರಣೆ ಹಿಡಿದು ಬಂತು.
ರಾತ್ರಿ ಹತ್ತಕ್ಕೆ, ಟ್ರ್ಯಾಕ್ಟರಿನ ದೀಪದಲ್ಲಿ,
ಅವಳು ನುಣ್ಣಗೆ, ಬೂದು ಬಣ್ಣಕ್ಕೆ ನಿಂತಿದ್ದಳು.
ಇಪ್ಪತ್ತೆಂಟು ದಿನ ಒದ್ದೆ ಗೋಣಿ ಹೊದಿಸಿ, ಗಳಿಗೆಗೊಮ್ಮೆ ನೀರು ಚಿಮುಕಿಸಿ
ಬಾಣಂತನ ಮಾಡಿದೆವು.
ಹೆಸರು ಕುವಾಕಾ, ನಮ್ಮ ಅಳಿವೆಯ ಮರಳದಿಬ್ಬದಿಂದ
ಮಾರ್ಚಿನಲ್ಲಿ ಎದ್ದು ಅಲಾಸ್ಕಕ್ಕೆ ಹೋಗುವ ಹಕ್ಕಿಯದು.

ಆಮೇಲೆ?
ಆಮೇಲೆ ಏನೂ ಆಗಲಿಲ್ಲ. ಅದನ್ನು ಹೇಳುವುದೇ ಕಷ್ಟ.
ಬಿರುಗಾಳಿಯಿಲ್ಲ, ಬಂಡೆಯಿಲ್ಲ.
ಎಂಜಿನ್ನಿನ ದುಡ್ಡು ರೋಂಡಾಳ ಹಲ್ಲಿಗೆ ಹೋಯಿತು,
ಹಾಯಿಯದು ಮನೆಯ ತಗಡಿಗೆ.
ಕಡಲಿಗೆ ಎರಡೂವರೆ ಮೈಲಿ, ನಡುವೆ ಒಂದು ಇಕ್ಕಟ್ಟು ಸೇತುವೆ.
ಕ್ರೇನಿನವನು ಹೇಳಿದ ರೇಟಿಗೆ ಕ್ಲೈವ್ ನಕ್ಕ, ಮುಂದಿನ ವರ್ಷ ಅಂದ.

ಅಲ್ಲ. ಮುಂದಿನ ವರ್ಷ ಅಂದವಳು ನಾನು.
ಅವನು ನಕ್ಕದ್ದಷ್ಟೇ.

ಮಾರ್ಕೇಸಸ್ ದ್ವೀಪಗಳ ನಕ್ಷೆ ಊಟದ ಮೇಜಿಗೆ ಹಾಸಾಯಿತು.
ಆಳ ಇಷ್ಟು ಮಾರು ಎಂದು ಬರೆದ ಕಡೆ ಗ್ರೇವಿ ಚೆಲ್ಲಿ
ಯಾರೂ ಕಾಣದ ದ್ವೀಪಗಳು ಎದ್ದವು.
ಹತ್ತು ವರ್ಷ ಕೋಳಿಗಳು ಅವಳ ಹೊಟ್ಟೆಯಲ್ಲಿ ಮೊಟ್ಟೆಯಿಟ್ಟವು.

ಎಂಬತ್ತಮೂರರ ಜುಲೈ, ಒಂದು ರಾತ್ರಿ ಹೊಳೆ ದಂಡೆ ಒಡೆಯಿತು.
ಅಟ್ಟದ ಕಿಟಕಿಯಲ್ಲಿ ಮೂವರು, ಒಂದು ಟಾರ್ಚು.
ಮಿಲಿಕಿಚ್‌ರ ಕುರಿಗಳು ಕತ್ತಲಲ್ಲಿ ಕೂಗಿ ಕೂಗಿ ಸುಮ್ಮನಾದವು.
ಊರೆಗೋಲುಗಳು ಒಂದೊಂದೇ ಬಿದ್ದು ತೇಲಿದವು.
ಮಂಡಿಯೂರಿದ್ದ ಎಮ್ಮೆ ಏಳುವಂತೆ
ಅವಳು ಹಿಂದನ್ನು ಮೊದಲು ಎತ್ತಿದಳು, ಆಮೇಲೆ ಮುಂದನ್ನು.
ಕ್ಲೈವ್ ನನ್ನ ಮಣಿಕಟ್ಟು ಹಿಡಿದಿದ್ದ.
ಬಂತಾ? ಅಂದ.
ಬಂತು, ಅಂದೆ.

ಬೆಳಿಗ್ಗೆ ವಾಲ್‌ನಟ್ ಮರಕ್ಕೆ ಭುಜ ಕೊಟ್ಟು ವಾಲಿದ್ದಳು,
ಮೈತುಂಬ ಕೆಸರು.
ಹತ್ತು ವರ್ಷ ಖಾಲಿಯಿದ್ದ ಲಾಗ್ ಪುಸ್ತಕ ತೆಗೆದು ಅವನು ಬರೆದ:
ಹೊರಟದ್ದು, ಶೆಡ್ಡು. ಸೇರಿದ್ದು, ವಾಲ್‌ನಟ್.
ದೂರ ಹದಿನಾಲ್ಕು ಅಡಿ.
ಸಿಬ್ಬಂದಿ, ಕೋಳಿ ಒಂಬತ್ತು, ಎಲ್ಲ ಕ್ಷೇಮ.
ಸೋರಿಕೆ ಇಲ್ಲ.
ಕೊನೆಯ ಸಾಲಿನಡಿ ಎರಡು ಗೆರೆ. ಕಾಗದ ಹರಿಯುವಷ್ಟು ಒತ್ತಿ.

ಮತ್ತೆ ಆ ಮಾತೆತ್ತಲಿಲ್ಲ. ಟೊಮೆಟೊ ಬೆಳೆದ.
ಮೀಸೆ ಬೆಳ್ಳಗಾಯಿತು. ಹೋದ ವರ್ಷ ಹೋದ.

ಈ ಮೇ ತಿಂಗಳು ಅವಳನ್ನು ಒಡೆಯಲು ಒಬ್ಬ ಹುಡುಗ ಬಂದ.
ಮೂರು ದಿನದ ಗುತ್ತಿಗೆ. ಯಂತ್ರ ದಡದಡ ಅಂತು,
ಗಾರೆ ಉದುರಿತು; ಜಾಲರಿ ಬಿಡಲಿಲ್ಲ.
ನಾಲ್ಕನೆಯ ದಿನ ಬೆವರೊರೆಸುತ್ತ ಸಿಟ್ಟಿನಲ್ಲೇ ಕೇಳಿದ:
ಯಾರ್ರೀ ಕಟ್ಟಿದ್ದು ಇದನ್ನ?
ಇನ್ನೂ ಆರು ದಿನ ಹಿಡಿಯುತ್ತೆ, ದುಡ್ಡು ಜಾಸ್ತಿ ಆಗುತ್ತೆ ಅಂದ.

ಎಣಿಸದೆ ಕೊಟ್ಟೆ.